ಕೇಳದೆ ತೀರ್ಮಾನ ಮಾಡುವ ಧೈರ್ಯ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಮ್ಮಲ್ಲಿ 12 ಜನ ಕೆಲಸ ಮಾಡುತ್ತಾರೆ. ಎಲ್ಲರೂ ಒಳ್ಳೆಯವರೇ, ಆದರೆ ಹೇಳಿದಷ್ಟು ಮಾತ್ರ ಮಾಡುತ್ತಾರೆ. ಸ್ವಂತ ಉದ್ಯಮ ನಡೆಸುವವರ ಹಾಗೆ ಅವರೂ ಯೋಚಿಸಬೇಕು ಅಂದರೆ ನಾನೇನು ಮಾಡಬೇಕು?

ಉತ್ತರ: ಕಳೆದ ವಾರ ಅವರು ನಿಮ್ಮನ್ನು ಕೇಳದೆ ಮಾಡಿದ ಒಂದು ತೀರ್ಮಾನ ನೆನಪಿಗೆ ಬರುತ್ತದಾ? ಬರದಿದ್ದರೆ ಭಾಷಣ, ತರಬೇತಿ ಎಲ್ಲ ಆಮೇಲೆ. ಮೊದಲು ತೀರ್ಮಾನ ಮಾಡುವ ಹಕ್ಕು ಕೊಡಿ.

ಗ್ರಾಹಕರೊಬ್ಬರು ಒಡೆದ ಸಾಮಾನು ಹಿಡಿದು ಕೌಂಟರ್ ಮುಂದೆ ನಿಂತಿದ್ದಾರೆ ಅಂದುಕೊಳ್ಳಿ. ಬದಲಾಯಿಸಿ ಕೊಡಬೇಕು ಅಂತ ಅಲ್ಲಿರುವ ಹುಡುಗಿಗೆ ಗೊತ್ತು, ಆದರೆ ಮ್ಯಾನೇಜರ್ ಸಹಿ ಬೇಕು, ಮ್ಯಾನೇಜರ್ ಮೀಟಿಂಗಿನಲ್ಲಿದ್ದಾರೆ, ಆಕೆ ‘ಸ್ವಲ್ಪ ಕೂತಿರಿ’ ಅನ್ನುತ್ತಾಳೆ, 20 ನಿಮಿಷ ಕಾದು ಗ್ರಾಹಕರು ಸಿಟ್ಟಿನಿಂದ ಎದ್ದು ಹೋಗುತ್ತಾರೆ, ಬೈಗುಳ ಮಾತ್ರ ಆಕೆಯ ಪಾಲಿಗೆ. ಹೀಗೆ ನಾಲ್ಕು ಸಲ ಆದರೆ ಸುಮ್ನೆ ಇದ್ದುಬಿಡೋಣ ಅನ್ನಿಸುತ್ತದೆ, ಅಲ್ವಾ?

ರಿಟ್ಜ್-ಕಾರ್ಲ್‌ಟನ್ ಹೋಟೆಲಿನವರು ಇದಕ್ಕೊಂದು ದಾರಿ ಮಾಡಿದರು. ಅತಿಥಿಯ ತೊಂದರೆ ಸರಿಮಾಡಲು ಸಿಬ್ಬಂದಿ ಯಾರ ಅಪ್ಪಣೆಯೂ ಇಲ್ಲದೆ 2,000 ಡಾಲರ್‌ವರೆಗೆ ಖರ್ಚು ಮಾಡಬಹುದು. ನೀವು ಅಷ್ಟು ಕೊಡಬೇಕಿಲ್ಲ. ಎಷ್ಟು ಅಂತ ಮಾತ್ರ ಬರೆದು ಕೊಡಿ. ‘ನಿಮಗೆ ಸರಿ ಅನ್ನಿಸಿದ್ದು ಮಾಡಿ’ ಅಂದರೆ ಯಾರೂ ನಂಬುವುದಿಲ್ಲ, ಅಂಕಿ ಕಂಡರೆ ನಂಬುತ್ತಾರೆ.

ಇನ್ನು ಸಮಯ. ಅಮೆರಿಕದ ತ್ರೀಎಂ (3M) ಕಂಪನಿಯಲ್ಲಿ ಕೆಲಸದ ಹೊತ್ತಿನ ಶೇ 15ರಷ್ಟನ್ನು ಸ್ವಂತ ಯೋಚನೆಗೆ ಬಳಸುವ ಪದ್ಧತಿ 1948ರಿಂದ ಇದೆ. 1968ರಲ್ಲಿ ಅಲ್ಲಿನ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟು ಮಾಡಲು ಹೋದರು, ಆದದ್ದು ಸಲೀಸಾಗಿ ಕಿತ್ತು ಬರುವ ಅಂಟು. ವರ್ಷಗಟ್ಟಲೆ ಅದು ಏನಕ್ಕೂ ಉಪಯೋಗಕ್ಕೆ ಬರಲಿಲ್ಲ. 1974ರಲ್ಲಿ ಅವರ ಸಹೋದ್ಯೋಗಿ ಆರ್ಟ್ ಫ್ರೈಗೆ ಚರ್ಚಿನ ಹಾಡಿನ ಪುಸ್ತಕದಲ್ಲಿ ಗುರುತಿಗೆ ಇಟ್ಟ ಚೀಟಿಗಳು ಪದೇ ಪದೇ ಉದುರುವುದು ಸಾಕಾಗಿತ್ತು, ಆಗ ಆ ಅಂಟು ನೆನಪಾಯಿತು. ಹಾಗೆ ಹುಟ್ಟಿದ ಪೋಸ್ಟ್-ಇಟ್, ಅಂದರೆ ಅಂಟಿಸಿ ಮತ್ತೆ ಕೀಳಬಹುದಾದ ಚೀಟಿ, ಅಮೆರಿಕದ ಎಲ್ಲ ಕಡೆ ಮಾರಾಟಕ್ಕೆ ಬಂದದ್ದು 1980ರಲ್ಲಿ. ಹನ್ನೆರಡು ವರ್ಷ! ಸಣ್ಣ ಸಂಸ್ಥೆಗೆ ಶೇ 15 ಜಾಸ್ತಿಯೇ. ವಾರಕ್ಕೆ ಎರಡು ಗಂಟೆ ಕೊಡಿ, ಆದರೆ ಆ ಎರಡು ಗಂಟೆಯಲ್ಲಿ ಫೋನ್ ಮಾಡಿ ಬೇರೆ ಕೆಲಸ ಹೇಳಬೇಡಿ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ಎಡವಟ್ಟು. ಯಾರೋ ಧೈರ್ಯ ಮಾಡಿ ಒಂದು ಹೊಸದನ್ನು ಮಾಡಿ ನೋಡುತ್ತಾರೆ, ಅದು ಕೈಕೊಡುತ್ತದೆ, ದುಡ್ಡೂ ಸ್ವಲ್ಪ ಹೋಗುತ್ತದೆ. ಅವತ್ತು ನಿಮ್ಮ ಮುಖ ಹೇಗಿರುತ್ತದೆ ಅಂತ ಉಳಿದ ಹನ್ನೊಂದು ಜನ ನೋಡುತ್ತಾರೆ. ಟೊಯೊಟಾ ಕಾರ್ಖಾನೆಯಲ್ಲಿ ದೋಷ ಕಂಡರೆ ಸಾಮಾನ್ಯ ಕೆಲಸಗಾರರೂ ಹಗ್ಗ ಎಳೆದು ಕಾರು ಜೋಡಿಸುವ ಇಡೀ ಲೈನ್ ನಿಲ್ಲಿಸಬಹುದು. ಎಳೆದ ತಕ್ಷಣ ಅವರ ತಂಡದ ಲೀಡರ್ ಬರುವುದು ಸಹಾಯಕ್ಕೆ. ನೀವೂ ಹಾಗೇ ಹೋಗಿ ಪಕ್ಕದಲ್ಲಿ ಕೂತು, ಏನಾಯಿತು, ಮುಂದಿನ ಸಲ ಏನು ಬದಲಾಯಿಸೋಣ ಅಂತ ಕೇಳಿ. ಆದರೆ ಲೆಕ್ಕದಲ್ಲಿ ಮೋಸ ಮಾಡಿದರೆ ಅಥವಾ ತಪ್ಪನ್ನು ಮುಚ್ಚಿಟ್ಟರೆ ಆ ಮಾತೇ ಬೇರೆ.

ಯೋಚನೆ ಕೈಹಿಡಿದರೆ ಮಾಡಿದವರ ಹೆಸರನ್ನು ಎಲ್ಲರ ಮುಂದೆ ಹೇಳಿ, ಬಂದ ಲಾಭದಲ್ಲಿ ಪಾಲನ್ನೂ ಕೊಡಿ. ಹನ್ನೆರಡು ಜನರೂ ಹೀಗೆ ಬದಲಾಗುತ್ತಾರೆ ಅಂತ ಕಾಯಬೇಡಿ. ಇಬ್ಬರು ಮೂವರು ಮುಂದೆ ಬಂದರೂ ಅವರಿಂದಲೇ ಶುರು ಮಾಡಿ.