ಫಿಲ್ಟರ್ ಬದಲಿಸಿದರೆ ಗಾಡಿ ಎಳೆಯುತ್ತಾ?

ಬೇಸಿಗೆ ಶುರುವಾದರೆ ನಮ್ಮ ಗ್ಯಾರೇಜಿಗೆ ಒಂದು ಥರದ ಗಿರಾಕಿಗಳು ಜಾಸ್ತಿ. ಬೊಲೆರೊ ಪಿಕಪ್ ಇರಲಿ, ಟಾಟಾ ಯೋಧ ಇರಲಿ, ಇಸುಜು ವಿ-ಕ್ರಾಸ್ ಇರಲಿ, ಕೈಯಲ್ಲಿ ಕೆಂಪು ಬಣ್ಣದ ಕೋನ್ ಏರ್ ಫಿಲ್ಟರ್ ಹಿಡಿದೇ ಇಳಿಯುತ್ತಾರೆ. ಆನ್‌ಲೈನಿನಲ್ಲಿ ತರಿಸಿದ್ದು. ಕಂಪನಿಯ ಫಿಲ್ಟರ್ ಡಬ್ಬಿ ತೆಗೆದು ಇದನ್ನು ಕೂರಿಸಬೇಕಂತೆ. ಗಾಳಿ ಚೆನ್ನಾಗಿ ಎಳೆದುಕೊಂಡರೆ ಗಾಡಿಯೂ ಚೆನ್ನಾಗಿ ಎಳೆಯುತ್ತಂತೆ. ಬೇಡ ಅಂದರೆ ಮುಖ ಸಣ್ಣಗೆ ಮಾಡಿಕೊಂಡು ಪಕ್ಕದ ಗ್ಯಾರೇಜಿಗೆ ಹೋಗುತ್ತಾರೆ.

ಗಾಳಿ ಜಾಸ್ತಿಯಾದರೆ ಶಕ್ತಿ ಜಾಸ್ತಿ ಅನ್ನುವ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ತೊಂದರೆ. ಡೀಸೆಲ್ ಎಂಜಿನ್ನಿನಲ್ಲಿ ಶಕ್ತಿ ಬರುವುದು ಡೀಸೆಲ್ಲಿನಿಂದ. ಎಷ್ಟು ಡೀಸೆಲ್ ಹೊಡೆಯಬೇಕು ಅಂತ ನಿರ್ಧರಿಸುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ನೀವು ಆಕ್ಸಿಲರೇಟರ್ ಪೂರ್ತಿ ತುಳಿದರೂ ಅದು ತನ್ನ ಮಿತಿ ದಾಟಿ ಒಂದು ಹನಿಯೂ ಕೊಡುವುದಿಲ್ಲ. ಇನ್ನು ಗಾಳಿ? ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದದ್ದಕ್ಕಿಂತ ಹೆಚ್ಚು ಗಾಳಿ ಇಟ್ಟುಕೊಂಡೇ ಓಡುತ್ತದೆ. ಗಾಳಿ ಕಡಿಮೆ ಬಿದ್ದರೆ ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆ ಬರುತ್ತದೆ. ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಇರುವ ಹೊಸ ಗಾಡಿಯಲ್ಲಿ ಹೊಗೆ ಕಾಣುವುದಿಲ್ಲ. ಅಲ್ಲಿ ಸ್ಕ್ಯಾನರ್ ಹಾಕಿ ನೋಡಬೇಕು. ಗಾಳಿ ಸಾಕಷ್ಟು ಇರುವ ಎಂಜಿನ್ನಿಗೆ ಇನ್ನಷ್ಟು ಗಾಳಿ ಕೊಟ್ಟರೆ ಅದು ಬಂದ ಹಾಗೇ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ, ಅಷ್ಟೇ.

ಇಷ್ಟು ಹೇಳಿದ ಮೇಲೂ "ಆದ್ರೂ ಸ್ವಲ್ಪ ಫರಕ್ ಆಗ್ತದಲ್ರೀ" ಅನ್ನುತ್ತಾರೆ. ಸರಿ, ಲೆಕ್ಕ ಹಾಕೋಣ. ಹೊರಗಿನ ಗಾಳಿಯ ಒತ್ತಡ ಸುಮಾರು 100 ಕಿಲೋಪಾಸ್ಕಲ್. ಹೊಸ ಪೇಪರ್ ಫಿಲ್ಟರ್ ದಾಟುವಾಗ ಪೂರ್ತಿ ಲೋಡಿನಲ್ಲೂ ಇದರಲ್ಲಿ ಸಾಮಾನ್ಯವಾಗಿ ಒಂದೆರಡು ಕಿಲೋಪಾಸ್ಕಲ್ ಕಳೆದುಹೋಗುತ್ತದೆ. ಫಿಲ್ಟರನ್ನೇ ಕಿತ್ತು ಎಸೆದರೂ ನಿಮಗೆ ಸಿಗುವುದು ಅಷ್ಟೇ. ಅದನ್ನೂ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಮೊದಲೇ ಸರಿದೂಗಿಸಿಕೊಂಡಿರುತ್ತದೆ. ಹಾಗಾದರೆ ನೀವು ಸಾವಿರಾರು ರೂಪಾಯಿ ಕೊಟ್ಟು ಕೊಂಡದ್ದು ಏನು? ಸೌಂಡು. ಡಬ್ಬಿ ಇಲ್ಲದ ಕೋನ್ ಫಿಲ್ಟರ್ ಹಾಕಿದರೆ ಟರ್ಬೊದ ಸಿಳ್ಳೆ ಕ್ಯಾಬಿನ್ನಿಗೆ ಕೇಳುತ್ತದೆ. ಸಿಳ್ಳೆ ಕೇಳಿದವನಿಗೆ ಗಾಡಿ ಹಾರಿದ ಹಾಗೆ ಅನ್ನಿಸುತ್ತದೆ. ಅದೇ ಘಾಟಿಯನ್ನು ಅದೇ ಲೋಡಿನಲ್ಲಿ ಗಡಿಯಾರ ಹಿಡಿದು ಹತ್ತಿಸಿ ನೋಡಿದವರು ಯಾರೂ ಇಲ್ಲ. ಮೇಲಾಗಿ ಆ ಕೋನ್ ಬಾನೆಟ್ಟಿನ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು ಶೇ 3ರಷ್ಟು ತೆಳುವಾಗುತ್ತದೆ. ಇಂಟರ್‌ಕೂಲರ್ ಸ್ವಲ್ಪ ತಣ್ಣಗೆ ಮಾಡುತ್ತದೆ, ನಿಜ. ಆದರೂ ಕೊಟ್ಟ ದುಡ್ಡಿಗೆ ಗಾಳಿ ಕಡಿಮೆ ಆಯಿತಲ್ಲ!

ರೇಸಿಗೆ ಅಂತ ಟ್ಯೂನ್ ಮಾಡಿಸಿ, ಡೀಸೆಲ್ ಹೆಚ್ಚಿಸಿ, ಟರ್ಬೊ ಬದಲಿಸಿದ ಗಾಡಿಯ ವಿಷಯ ಬೇರೆ. ಅದಕ್ಕೆ ದೊಡ್ಡ ಫಿಲ್ಟರ್ ಬೇಕಾಗಬಹುದು. ಬಾಳೆಗೊನೆ ಹೊರುವ ಪಿಕಪ್ಪಿಗೆ ಆ ಮಾತು ಬೇಡ.

ನಮ್ಮದು ಹೊಸಪೇಟೆ. ಸಂಡೂರು ರಸ್ತೆಯಲ್ಲಿ ಓಡಾಡುವವರಿಗೆ ಧೂಳಿನ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಬಿಳಿ ಅಂಗಿ ಹಾಕಿ ಹೊರಟರೆ ಕೆಂಪಗೆ ವಾಪಸ್ ಬರುತ್ತೀರಿ. ಆದರೆ ಎಂಜಿನ್ ಎಷ್ಟು ಗಾಳಿ ಕುಡಿಯುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ಲೀಟರ್ ಡೀಸೆಲ್ ಉರಿಯಲು ಕಡಿಮೆ ಅಂದರೂ 10,000 ಲೀಟರ್ ಗಾಳಿ ಬೇಕು. ದಿನಕ್ಕೆ 10 ಲೀಟರ್ ಡೀಸೆಲ್ ಸುಡುವ ಗಾಡಿ ಲಕ್ಷ ಲೀಟರ್ ಗಾಳಿ ಎಳೆಯುತ್ತದೆ. ಅದರಲ್ಲಿ ಮಣ್ಣಿದೆ, ಅದಿರಿದೆ, ಸಣ್ಣ ಮರಳಿದೆ. ಮರಳಿನ ಕಣ ಉಕ್ಕಿಗಿಂತಲೂ ಗಟ್ಟಿ.

ಒಂದು ಫಿಲ್ಟರ್ ನೂರಕ್ಕೆ 99 ಪಾಲು ಧೂಳು ತಡೆಯುತ್ತದೆ, ಇನ್ನೊಂದು 97 ಪಾಲು ತಡೆಯುತ್ತದೆ ಅಂದುಕೊಳ್ಳಿ. ಎರಡು ಪಾಲಿನ ಫರಕ್ ತಾನೇ ಅನ್ನುತ್ತೀರಿ. ತಡೆದದ್ದನ್ನು ಬಿಡಿ, ಒಳಗೆ ಹೋದದ್ದನ್ನು ಎಣಿಸಿ. ಒಂದರಲ್ಲಿ ಒಂದು ಪಾಲು, ಇನ್ನೊಂದರಲ್ಲಿ ಮೂರು ಪಾಲು. ಮೂರು ಪಟ್ಟು! ಈ ಕೋನ್‌ಗಳಲ್ಲಿ ಹೆಚ್ಚಾಗಿ ಬರುವ, ಎಣ್ಣೆ ಸವರಿದ ಹತ್ತಿ ಫಿಲ್ಟರುಗಳೆಲ್ಲ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಆದರೆ ಗಾಳಿ ಸಲೀಸಾಗಿ ಹೋಗಲಿ ಅಂತ ನೇಯ್ಗೆ ಸಡಿಲ ಮಾಡಿದರೆ ಧೂಳೂ ಸಲೀಸಾಗಿ ಹೋಗುತ್ತದೆ. ರವೆ ಜರಡಿಯಲ್ಲಿ ಮೈದಾ ನಿಲ್ಲುತ್ತಾ?

ಮರಿಯಮ್ಮನಹಳ್ಳಿ ಕಡೆಯ ಹುಡುಗನೊಬ್ಬ ಸಾಲ ಮಾಡಿ ಪಿಕಪ್ ತಗೊಂಡಿದ್ದ. ತುಂಬಾ ಒಳ್ಳೆ ಹುಡುಗ. ಗಾಡಿಯನ್ನು ಎತ್ತಿನ ಹಾಗೆ ತೊಳೆಯುತ್ತಿದ್ದ. ಬೇರೆಲ್ಲೋ ಕೋನ್ ಹಾಕಿಸಿಕೊಂಡು ಬಂದು, "ಅಣ್ಣಾ, ಸೌಂಡ್ ಕೇಳ್ರಿ, ಹೆಂಗ್ ಹೊಡೀತೈತಿ!" ಅಂತ ರೇಸ್ ಮಾಡಿ ತೋರಿಸಿದ. ತೆಗೆಸು ಅಂದೆ. ನಕ್ಕ. ಮುಂದಿನ ಬೇಸಿಗೆಗೆ ಗಾಡಿ ಆಯಿಲ್ ಕುಡಿಯುತ್ತಿತ್ತು, ಬ್ಯಾಕ್ ಕಂಪ್ರೆಷನ್ ಹೊಡೆಯುತ್ತಿತ್ತು, ಅಂದರೆ ಉರಿದ ಗಾಳಿ ಪಿಸ್ಟನ್ ದಾಟಿ ಕೆಳಗೆ ನುಗ್ಗುತ್ತಿತ್ತು. ಫಿಲ್ಟರ್ ಆಚೆಗಿನ ಪೈಪಿನೊಳಗೆ ಬೆರಳು ಹಾಕಿದೆ, ಕೆಂಪು ಪುಡಿ ಅಂಟಿಕೊಂಡು ಬಂತು. ಟರ್ಬೊ ರೆಕ್ಕೆಯ ಅಂಚು ಸವೆದಿತ್ತು. ನಿಮಿಷಕ್ಕೆ ಲಕ್ಷಕ್ಕಿಂತ ಜಾಸ್ತಿ ಸುತ್ತು ತಿರುಗುವ ರೆಕ್ಕೆ ಅದು. ಮರಳು ತಾಗಿದರೆ ಉಳಿಯುತ್ತಾ? ಪಿಸ್ಟನ್ ರಿಂಗು, ಸಿಲಿಂಡರಿನ ಬೋರು ಎರಡೂ ಗೀರು ಬಿದ್ದಿದ್ದವು. ತಪ್ಪು ಫಿಲ್ಟರಿನದೋ, ಕ್ಲಾಂಪ್ ಸರಿಯಾಗಿ ಬಿಗಿಯದವನದೋ ಅಂತ ಆಣೆ ಮಾಡಿ ಹೇಳಲಾರೆ. ಬಿಲ್ಲು ಮಾತ್ರ ಹುಡುಗನದು.

ಇದರ ಅರ್ಥ ಹಳೇ ಫಿಲ್ಟರ್ ಹಾಗೇ ಇರಲಿ ಅಂತಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನು ಪರೀಕ್ಷೆ ಮಾಡಿತ್ತು. ಫ್ಯೂಯೆಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೂ ಮೈಲೇಜು ಹೆಚ್ಚುಕಡಿಮೆ ಅಷ್ಟೇ ಇತ್ತು. ಆದರೆ ವೇಗ ಹಿಡಿಯುವುದು ನಿಧಾನವಾಗಿತ್ತು. ಡೀಸೆಲ್ ಪಿಕಪ್ಪಿಗೆ ಅದೇ ಫಲಿತಾಂಶ ಹೊಂದುತ್ತದೆ ಅನ್ನಲಾರೆ. ಆದರೂ ಕಟ್ಟಿಕೊಂಡ ಫಿಲ್ಟರ್ ತೆಗೆದು ಕಂಪನಿಯ ಹೊಸ ಪೇಪರ್ ಫಿಲ್ಟರ್ ಹಾಕಿದರೆ ಎಳೆತ ಸುಧಾರಿಸುವುದನ್ನು ನಾನೂ ನೋಡಿದ್ದೇನೆ.

ಹೊಸದು ಹಾಕಿದ ಮೇಲೆ ವಾರವಾರ ಹವಾ ಹೊಡೆಸಬೇಡಿ ಮಾರಾಯ್ರೆ! ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೈಪನ್ನು ಪೇಪರಿಗೆ ಒತ್ತಿ ಹಿಡಿದರೆ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಹೊಡೆಯಲೇಬೇಕಾದರೆ 30 ಪಿಎಸ್‌ಐ ಒಳಗೆ, ದೂರದಿಂದ, ಒಳಮೈಯಿಂದ ಹೊರಕ್ಕೆ. ಮೇಲೆ ತೆಳ್ಳಗೆ ಕೂತ ಧೂಳು ಇನ್ನಷ್ಟು ಧೂಳನ್ನು ತಡೆಯುತ್ತದೆ, ಅದಕ್ಕೆ ಹೆದರಬೇಡಿ.

ಫಿಲ್ಟರ್ ಹೊಸದಿದ್ದೂ ಗಾಡಿ ಎಳೆಯುತ್ತಿಲ್ಲವೇ? ಮೊದಲು ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಹೋಸ್ ನೋಡಿಸಿ. ಬಿರುಕು ಬಿಟ್ಟಿದ್ದರೆ ಅಲ್ಲಿ ಎಣ್ಣೆ ಜಿಡ್ಡು ಕಾಣುತ್ತದೆ. ಆಮೇಲೆ ಸ್ವಲ್ಪ ಹೊಗೆಯನ್ನು ವಾಪಸ್ ಎಂಜಿನ್ನಿಗೆ ಕಳಿಸುವ ಇಜಿಆರ್‌ನ ಮಸಿ, ಡೀಸೆಲ್ ಫಿಲ್ಟರ್, ಹಿಡಿದುಕೊಂಡ ಬ್ರೇಕು. ನನ್ನ ಅನುಭವದಲ್ಲಿ ಹೆಚ್ಚಿನವು ಇಲ್ಲೇ ಮುಗಿಯುತ್ತವೆ.

ಕೋನ್ ಈಗಾಗಲೇ ಹಾಕಿಸಿಕೊಂಡವರು ಕಂಪನಿಯ ಡಬ್ಬಿ ಮನೆಯಲ್ಲಿದ್ದರೆ ವಾಪಸ್ ಹಾಕಿಸಿ. ವಾರಂಟಿ ಇದ್ದರಂತೂ ತಡಮಾಡಬೇಡಿ. ಆಗ ಒಳಗೆ ಹೋಗುವ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಕೂಡ ನೋಡಿಸಿ. ಫಿಲ್ಟರಿನ ಎಣ್ಣೆ ಹಾರಿ ಅದರ ಸಣ್ಣ ತಂತಿಗೆ ಅಂಟಿರಬಹುದು. ಅದಕ್ಕೆಂದೇ ಬರುವ ಸ್ಪ್ರೇಯಿಂದ ತೊಳೆದು, ಒಣಗಿಸಿ ಹಾಕಬೇಕು. ಬಟ್ಟೆಯಲ್ಲಿ ಒರೆಸಿದರೆ ತಂತಿ ಕಿತ್ತುಬರುತ್ತದೆ.