ಮಂಪರಿನಲ್ಲಿ ಆಡಿದ ಮಾತು ಯಾರದು?

ದೊಡ್ಡ ಕೊಲೆ ಕೇಸು ಸುದ್ದಿಯಾದಾಗಲೆಲ್ಲ ಬೆಂಗಳೂರಿನ ಹೋಟೆಲು, ಬಸ್ಸುಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಮಂಪರು ಪರೀಕ್ಷೆ ಮಾಡಿಸಿದ್ರೆ ಎಲ್ಲಾ ಹೊರಗೆ ಬರುತ್ತೆ.’ ಆದರೆ ಹಾಗೆ ಸುಮ್ನೆ ಮಾಡಿಸಲು ಆಗುವುದಿಲ್ಲ. ಯಾಕೆ ಎನ್ನುವ ಕಥೆಯಲ್ಲಿ ನಮ್ಮ ಊರಿಗೇ ದೊಡ್ಡ ಪಾಲಿದೆ.

ಆರೋಪಿಯಿಂದ ಅವನ ವಿರುದ್ಧವೇ ಬಲವಂತವಾಗಿ ಸಾಕ್ಷಿ ಹೇಳಿಸಬಾರದು ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ. ಬೆರಳಚ್ಚು, ಕೈಬರಹದ ಮಾದರಿ ಕೊಡುವುದು ಸಾಕ್ಷಿ ಹೇಳಿದಂತಲ್ಲ ಎಂದು 1961ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಠಾಣೆಯ ವಿಚಾರಣೆಯಲ್ಲೂ ಬಾಯಿ ಮುಚ್ಚಿಕೊಂಡಿರುವ ಹಕ್ಕಿದೆ ಎಂದು 1978ರಲ್ಲಿ ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿತು. ಬೆರಳು ಕೊಡಬೇಕು, ಮಾತು ಕೊಡಬೇಕಿಲ್ಲ. ಇಲ್ಲಿವರೆಗೆ ಲೆಕ್ಕ ಸರಳವಾಗಿತ್ತು.

ಲೆಕ್ಕ ತಪ್ಪಿಸಿದ್ದು ಮಂಪರು ಪರೀಕ್ಷೆಗೆ ಬಳಸುವ ಪೆಂಟೊಥಾಲ್ ಎಂಬ ಅರಿವಳಿಕೆ ಮದ್ದು. ಸೂಜಿ ಚುಚ್ಚುವುದು ಮೈಗೆ, ಹೊರಬರುವುದು ಮಾತು.

2000ರ ನಂತರದ ಆ ಹತ್ತು ವರ್ಷ ಬೇರೆ ರಾಜ್ಯಗಳ ಪೊಲೀಸರೂ ಆರೋಪಿಗಳನ್ನು ಬೆಂಗಳೂರಿಗೆ ಕರೆತರುತ್ತಿದ್ದರು. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಪರೀಕ್ಷೆ ನಡೆಯುತ್ತಿದ್ದುದು ಆಸ್ಪತ್ರೆಯಲ್ಲಿ. ಆರೋಪಿ ಮಂಚದ ಮೇಲೆ. ಅರಿವಳಿಕೆ ವೈದ್ಯರು ಮದ್ದನ್ನು ನಿಧಾನವಾಗಿ ರಕ್ತಕ್ಕೆ ಬಿಡುತ್ತಾರೆ. ಜಾಸ್ತಿಯಾದರೆ ಪ್ರಾಣಕ್ಕೇ ಅಪಾಯ. ನಿದ್ದೆಗೂ ಎಚ್ಚರಕ್ಕೂ ನಡುವೆ ತೊದಲುವ ಆ ಮನುಷ್ಯನಿಗೆ ಮನಶ್ಶಾಸ್ತ್ರಜ್ಞರು ಪ್ರಶ್ನೆ ಹಾಕುತ್ತಾರೆ, ವಿಡಿಯೊ ಓಡುತ್ತಿರುತ್ತದೆ. ಛಾಪಾ ಕಾಗದ ಹಗರಣದ ತೆಲಗಿಯ ಇಂಥ ವಿಡಿಯೊ ಟೀವಿಯಲ್ಲೇ ಬಂತು. ಕೋರ್ಟು ನೋಡುವ ಮೊದಲು ಜನ ನೋಡಿದರು!

ಹೊಡೆದು ಬಡಿದು ಬಾಯಿ ಬಿಡಿಸುವುದಕ್ಕಿಂತ ಇದು ವಾಸಿ ಎನ್ನುವುದು ಪರವಾಗಿದ್ದವರ ವಾದ. ಠಾಣೆಗಳ ಸ್ಥಿತಿ ಬಲ್ಲವರಿಗೆ ಅದನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ಇದೂ ಹಿಂಸೆಯೇ, ವೈದ್ಯರು ಇದಕ್ಕೆ ಕೈಜೋಡಿಸಬಾರದು ಎಂದು ವೈದ್ಯಕೀಯ ನೀತಿಯ ಚಿಂತಕ ಅಮರ್ ಜೇಸಾನಿಯಂಥವರು ಬರೆದರು. ಮಂಪರಿನಲ್ಲಿ ಮನುಷ್ಯ ಸುಳ್ಳನ್ನೂ ಹೇಳಬಲ್ಲ, ಕೇಳುವವರು ಬಯಸಿದ್ದನ್ನೂ ಹೇಳಬಲ್ಲ. ನನಗಂತೂ ಇದೇ ದೊಡ್ಡ ಕಾರಣ ಅನ್ನಿಸುತ್ತದೆ.

ಕೋರಮಂಗಲ ಠಾಣೆಯ ಒಂದು ಕೇಸಿನಲ್ಲಿ 2004ರಲ್ಲಿ ಕರ್ನಾಟಕ ಹೈಕೋರ್ಟ್ ಪರೀಕ್ಷೆಗೆ ಒಪ್ಪಿತ್ತು. ಅದೇ ಕೇಸು, ಮೇಲ್ಮನವಿ ಹಾಕಿದ ಸೆಲ್ವಿ ಎಂಬುವರ ಹೆಸರಿನಲ್ಲಿ ‘ಸೆಲ್ವಿ’ ಪ್ರಕರಣವಾಗಿ ದೆಹಲಿಗೆ ಹೋಯಿತು. 2010ರ ಮೇ 5ರಂದು ಸುಪ್ರೀಂ ಕೋರ್ಟ್ ಬಲವಂತದ ಮಂಪರು, ಸುಳ್ಳುಪತ್ತೆ, ಮಿದುಳಿನ ಅಲೆಗಳ ಪರೀಕ್ಷೆ (ಬ್ರೈನ್ ಮ್ಯಾಪಿಂಗ್) ಮೂರನ್ನೂ ತಡೆಯಿತು. ಆರೋಪಿ ಒಪ್ಪಿದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷಿಯಾಗದು. ಆದರೆ ಒಪ್ಪಿ ಮಾಡಿಸಿಕೊಂಡಾಗ ಸಿಕ್ಕ ಸುಳಿವಿನಿಂದ ಮುಂದೆ ಪತ್ತೆಯಾದ ವಸ್ತುವನ್ನು ಕೋರ್ಟು ಒಪ್ಪಿಕೊಳ್ಳಬಹುದು. ಲಾಕಪ್ಪಿನಲ್ಲಿರುವವನ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ, ಅಲ್ವಾ? ಅದಕ್ಕೇ ವಕೀಲರ ನೆರವು ಇರಬೇಕು, ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು ಎಂಬ ಷರತ್ತು. 2025ರ ಜೂನ್‌ನಲ್ಲಿ ಬಿಹಾರದ ಒಂದು ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಸೆಲ್ವಿ ತೀರ್ಪನ್ನೇ ಎತ್ತಿಹಿಡಿಯಿತು.

ಈಗ ಜಗಳ ಮೊಬೈಲಿನದು. ಫೋನಿನ ಪಾಸ್‌ವರ್ಡ್ ಕೊಡುವುದು ಸಾಕ್ಷಿ ಹೇಳಿದಂತಲ್ಲ ಎಂದು 2021ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ವಿಚಾರಣೆ ನಡೆಯುತ್ತಿರುವಾಗ ಆರೋಪಿಯನ್ನು ಪಾಸ್‌ವರ್ಡಿಗಾಗಿ ಒತ್ತಾಯಿಸುವಂತಿಲ್ಲ ಎಂದು 2023ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಬೆರಳಿಟ್ಟು ಫೋನ್ ತೆರೆದರೆ ಅದು 1961ರ ಬೆರಳಚ್ಚಿನ ಜಾತಿ. ತಲೆಯಲ್ಲಿರುವ ಆರು ಅಂಕಿಗಳನ್ನು ಬಾಯಿಬಿಟ್ಟು ಹೇಳಿದರೆ?