ಓಡಿದ್ದು ಕಡಿಮೆ, ನಿಂತದ್ದು ಜಾಸ್ತಿ

ತೋಟ ಇರುವವರಿಗೆಲ್ಲ ಗೊತ್ತಿರುವ ಸಂಗತಿ ಇದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕೆರೆಯ ಪಂಪಿಗೆ ರಜೆ. ಮತ್ತೆ ಅದರ ನೆನಪಾಗುವುದು ನವೆಂಬರ್ ಕಳೆದು, ಅಡಿಕೆ ಸಸಿಯ ಎಲೆ ಬಾಡತೊಡಗಿದಾಗ. ಸ್ವಿಚ್ ಹಾಕಿದರೆ ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. 'ಪಂಪು ಕಚ್ಚಿದೆ' ಎಂದು ಮೆಕ್ಯಾನಿಕ್‌ಗೆ ಫೋನು ಹೋಗುತ್ತದೆ. ಬೇಸಿಗೆಯಿಡೀ ದಿನಕ್ಕೆ ಆರು ಗಂಟೆ ಓಡಿದಾಗ ಏನೂ ಆಗದ ಪಂಪು, ಆರು ತಿಂಗಳು ಸುಮ್ನೆ ಕೂತು ಕೆಟ್ಟಿರುತ್ತದೆ.

ತಂಗಿಯ ಮಗ ಬೆಂಗಳೂರಿನಿಂದ ಫೋನು ಮಾಡಿದಾಗ ನನಗೆ ಮೊದಲು ನೆನಪಾದದ್ದು ಈ ಪಂಪೇ.

"ಮಾವ, ಕಾರು ಸಿಕ್ಕಿತು. ಎರಡು ಸೀಟು, ಗುಂಡಿ ಒತ್ತಿದರೆ ಛಾವಣಿ ಮಡಚಿ ಡಿಕ್ಕಿಯೊಳಗೆ ಹೋಗ್ತದೆ. 2007ರ ಗಾಡಿ, ಓಡಿದ್ದು ಬರೇ 31 ಸಾವಿರ ಕಿಲೋಮೀಟರ್!"

ಜರ್ಮನಿಯ ದೊಡ್ಡ ಕಂಪನಿಯ ಸ್ಪೋರ್ಟ್ಸ್ ಕಾರು. ಹೆಸರು ಇಲ್ಲಿ ಬೇಡ. ಕೇಳಿದ ಬೆಲೆ ಒಂದು ಹೊಸ ಸಣ್ಣ ಕಾರಿನಷ್ಟು. ಅವನಿಗೆ ಖುಷಿ. ನಾನು ಕಾಗದ ತೆಗೆದು ಲೆಕ್ಕ ಹಾಕಿದೆ. 17 ವರ್ಷಕ್ಕೆ 31 ಸಾವಿರ ಎಂದರೆ ದಿನಕ್ಕೆ ಐದು ಕಿಲೋಮೀಟರ್. ಯಾರೂ ಇಂಥ ಕಾರನ್ನು ದಿನಾ ಐದೈದು ಕಿಲೋಮೀಟರ್ ಓಡಿಸುವುದಿಲ್ಲ. ಮೊದಲ ನಾಲ್ಕು ವರ್ಷ ಚೆನ್ನಾಗಿ ಓಡಿಸಿ, ಆಮೇಲೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬಟ್ಟೆ ಹೊದೆಸಿ ಇಟ್ಟಿರುತ್ತಾರೆ. ಅವನು ಕೊಳ್ಳುತ್ತಿದ್ದದ್ದು 31 ಸಾವಿರ ಕಿಲೋಮೀಟರ್ ಓಡಿದ ಕಾರನ್ನಲ್ಲ, ಹತ್ತಾರು ವರ್ಷ ನಿಂತ ಕಾರನ್ನು.

ಇಂಥ ಕಾರು ಅಷ್ಟು ಅಗ್ಗಕ್ಕೆ ಯಾಕೆ ಸಿಗುತ್ತದೆ? ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ, ಅಷ್ಟೇ. ಬ್ರೇಕ್ ಡಿಸ್ಕಿಗೆ ತಾನು ಕೂರುವ ಕಾರು ಈಗ ಎಷ್ಟಕ್ಕೆ ಹೋಗುತ್ತದೆ ಎಂಬ ಚಿಂತೆ ಇಲ್ಲ. ಮಾರುವವನಿಗೆ ಇದು ಗೊತ್ತಿರುತ್ತದೆ. ಕೊಳ್ಳುವವನಿಗೆ ನಾಲ್ಕು ತಿಂಗಳಲ್ಲಿ ಗೊತ್ತಾಗುತ್ತದೆ.

ನಾನು ಮೂವತ್ತು ವರ್ಷ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು. ಕಾರಿನ ಬಗ್ಗೆ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೆ. ಆದರೆ ಅಳಿಯನ ಕಾರಿನ ಒಂದೊಂದು ರಿಪೇರಿಯೂ ನನಗೆ ಹೈಸ್ಕೂಲಿನ ಒಂದೊಂದು ಪಾಠದ ಹಾಗೇ ಕಂಡಿತು.

ಮೊದಲು ಟಯರು. ವಿಡಿಯೋ ಕಾಲ್‌ನಲ್ಲಿ ತೋರಿಸಿದ. ಹೊಸದರಂತೆ ಹೊಳೆಯುತ್ತಿತ್ತು, ಗೆರೆಗಳೆಲ್ಲ ಆಳವಾಗಿದ್ದವು. "ಪಕ್ಕದಲ್ಲಿ ಕೊನೆಯ ನಾಲ್ಕು ಅಂಕೆ ಓದು ಮಾರಾಯ" ಎಂದೆ. 2411. ಅಂದರೆ 2011ರ 24ನೇ ವಾರ ತಯಾರಾದದ್ದು. ಹದಿಮೂರು ವರ್ಷದ ರಬ್ಬರು.

ನಮ್ಮೂರಲ್ಲಿ ರಬ್ಬರ್ ತೋಟಕ್ಕೇನೂ ಬರ ಇಲ್ಲ. ಹೊಗೆಗೂಡಿನಿಂದ ತೆಗೆದ ಶೀಟನ್ನು ಬಿಸಿಲಿಗೆ ಬಿಟ್ಟರೆ ಏನಾಗುತ್ತದೆ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಗಾಳಿಯ ಆಮ್ಲಜನಕ, ಓಝೋನ್ ಎರಡೂ ರಬ್ಬರಿನ ಉದ್ದನೆಯ ಎಳೆಗಳನ್ನು ಕತ್ತರಿಸುತ್ತಾ ಹೋಗುತ್ತವೆ. ಅದನ್ನು ತಡೆಯಲೆಂದೇ ಟಯರಿನ ರಬ್ಬರಿಗೆ ಮೇಣದಂಥ ವಸ್ತುಗಳನ್ನು ಬೆರೆಸಿರುತ್ತಾರೆ. ಚಕ್ರ ಉರುಳುವಾಗ ಟಯರು ಒತ್ತಿ ಬಿಡುತ್ತಾ ಇರುತ್ತದಲ್ಲ, ಆಗ ಈ ಮೇಣ ಒಳಗಿನಿಂದ ಮೇಲಕ್ಕೆ ಬಂದು ತೆಳ್ಳಗೆ ಹರಡಿಕೊಳ್ಳುತ್ತದೆ. ನಿಂತ ಕಾರಿನಲ್ಲಿ ಈ ಒತ್ತುವ ಕೆಲಸವೇ ಇಲ್ಲ. ಹಾಗಾಗಿ ಓಡದ ಟಯರು ಸವೆಯುವುದಿಲ್ಲ, ಬಿರುಕು ಬಿಡುತ್ತದೆ. ಹೊಳಪು ಬಂದದ್ದು ಮಾರುವವನು ಹಚ್ಚಿದ ಪಾಲಿಷ್‌ನಿಂದ. ನಾಲ್ಕೂ ಬದಲಾಯಿಸಲು ಹೇಳಿದೆ. "ಮಾವ, ಗೆರೆ ಇನ್ನೂ ಇದೆ ಅಲ್ವಾ?" ಎಂದು ಎರಡು ದಿನ ಸತಾಯಿಸಿದ, ಆಮೇಲೆ ಬದಲಾಯಿಸಿದ.

ಎರಡನೆಯದು ಬ್ರೇಕ್ ಆಯಿಲ್. ಹೆಸರಿಗೆ ಆಯಿಲ್ ಅಷ್ಟೆ, ಎಣ್ಣೆಯಲ್ಲ. ಸಾಮಾನ್ಯವಾಗಿ ಸಿಗುವ ಡಾಟ್ 4 ದ್ರವ ಗಾಳಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರಾಗುತ್ತದಲ್ಲ, ಹಾಗೆ. ಕಾರಿನಲ್ಲಿ ಈ ದ್ರವದ ಡಬ್ಬದ ಮುಚ್ಚಳ ಎಷ್ಟೇ ಬಿಗಿಯಿದ್ದರೂ ರಬ್ಬರ್ ಹೋಸಿನ ಮೂಲಕ ತೇವ ಒಳಗೆ ನುಸುಳುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ನೂರಕ್ಕೆ ಮೂರೂವರೆ ಚಿಲ್ಲರೆ ಪಾಲು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅಷ್ಟಾದರೆ ಏನಂತೆ?

ಅವನು ಬೆಂಗಳೂರಿನಿಂದ ಬರಬೇಕಿದ್ದದ್ದು ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದು, ಸುಳ್ಯ, ಜಾಲ್ಸೂರು ಮಾರ್ಗವಾಗಿ. ಮಡಿಕೇರಿಯಿಂದ ಸಂಪಾಜೆಗೆ ಸುಮಾರು ಒಂದು ಸಾವಿರ ಮೀಟರ್ ಇಳಿತ. ಇಬ್ಬರು ಕೂತ ಕಾರು 1,500 ಕಿಲೋ ಎಂದಿಟ್ಟುಕೊಳ್ಳಿ. ಅಷ್ಟು ಭಾರ ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು ಒಂದೂವರೆ ಕೋಟಿ ಜೌಲ್. ಈ ಲೆಕ್ಕ ಯಾರ ತಲೆಗೂ ಹೋಗುವುದಿಲ್ಲ, ಬಿಡಿ. ಬಚ್ಚಲಮನೆಯ ಹಂಡೆಯ ಲೆಕ್ಕದಲ್ಲಿ ಹೇಳುತ್ತೇನೆ. ಹೆಚ್ಚು ಕಡಿಮೆ 48 ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು. ಒಂದು ದೊಡ್ಡ ಹಂಡೆ ತುಂಬ! ಅದರಲ್ಲಿ ಒಂದು ಪಾಲನ್ನು ಗಾಳಿ ಕಳೆಯುತ್ತದೆ, ಕೆಳಗಿನ ಗೇರಿನಲ್ಲಿ ಇಳಿದರೆ ಇಂಜಿನ್ ಒಂದು ಪಾಲನ್ನು ನುಂಗುತ್ತದೆ. ಉಳಿದದ್ದೆಲ್ಲ ಅಂಗೈಯಷ್ಟು ದೊಡ್ಡ ಬ್ರೇಕ್ ಪ್ಯಾಡುಗಳ ತಲೆಯ ಮೇಲೆ. ಆ ಬಿಸಿಗೆ ನೀರು ಕುಡಿದ ದ್ರವ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗುವುದಿಲ್ಲ, ಅದಕ್ಕೇ ಬ್ರೇಕು ಹಿಡಿಯುವುದು. ಆವಿಯನ್ನು ಅದುಮಬಹುದು. ಕಾಲಿಟ್ಟರೆ ಪೆಡಲು ಸುಮ್ನೆ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಬೆಂಗಳೂರಿನಲ್ಲೇ ಹಳೆಯದನ್ನು ತೆಗೆಸಿದ. ಹೊಸ ದ್ರವ ತಿಳಿ ಹಳದಿ ಇರುತ್ತದೆ. ಇವನ ಕಾರಿನಿಂದ ಬಂದದ್ದು ಕಟ್ಟಂಚಾಯದ, ಅಂದರೆ ಹಾಲು ಹಾಕದ ಚಹಾದ ಬಣ್ಣದ್ದು.

ಊರಿಗೆ ಬಂದ ಮೇಲೆ ಕಾರನ್ನು ಮಂಗಳೂರಿನ ಒಬ್ಬ ಮೆಕ್ಯಾನಿಕ್‌ನಲ್ಲಿ ತೋರಿಸಿದೆವು. ಆತ ಕಾರಿನ ದೋಷ ಓದುವ ಸ್ಕ್ಯಾನರ್ ಹಾಕುವ ಮೊದಲು ಬಾನೆಟ್ ಎತ್ತಿ, ಇಂಜಿನ್ನಿನ ಎದುರಿದ್ದ, ವಯರು ಸಿಕ್ಕಿಸುವ ಒಂದು ಸಣ್ಣ ಕಪ್ಲರ್ ಎಳೆದು, ಅದರೊಳಗೆ ಟಿಶ್ಯೂ ಕಾಗದದ ಮೂಲೆ ತೂರಿಸಿದ. ಹೊರಗೆ ತೆಗೆದಾಗ ಕಾಗದದ ತುದಿಯಲ್ಲಿ ಎಣ್ಣೆ. "ನೋಡಿ ಮಾಸ್ಟ್ರೆ" ಎಂದು ನನ್ನ ಕೈಗೆ ಕೊಟ್ಟ.

ವಿದ್ಯುತ್ ಕಪ್ಲರಿನಲ್ಲಿ ಇಂಜಿನ್ ಆಯಿಲ್ ಹೇಗೆ ಬಂತು? ವಾಲ್ವುಗಳ ಸಮಯವನ್ನು ಹಿಂದೆಮುಂದೆ ಮಾಡಲು ಅಲ್ಲೊಂದು ವಿದ್ಯುತ್ ಅಯಸ್ಕಾಂತ ಇರುತ್ತದೆ. ಅದರ ಸೀಲು ವರ್ಷಗಟ್ಟಲೆ ಬಿಸಿ ತಿಂದು ಗಟ್ಟಿಯಾಗಿ, ಆಯಿಲ್ ಒಸರಿ ಕಪ್ಲರಿಗೆ ಇಳಿದಿದೆ. ಅಲ್ಲಿಗೇ ನಿಂತರೆ ಪರವಾಗಿಲ್ಲ, ಒರೆಸಿಬಿಡಬಹುದು. ಆದರೆ ವಯರಿನ ಒಳಗೆ ಇರುವುದು ಒಂದೇ ತಂತಿಯಲ್ಲ, ಕೂದಲಿನಂಥ ಹತ್ತಾರು ತಾಮ್ರದ ಎಳೆಗಳು. ಎಳೆ ಎಳೆಯ ನಡುವೆ ಸಂದು. ನಂದಾದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವುದು ಇಂಥ ಸಂದುಗಳಿಂದಲೇ. ಸಂದು ಕಿರಿದಾದಷ್ಟೂ ಎಣ್ಣೆ ಹೆಚ್ಚು ದೂರ ಏರುತ್ತದೆ. ಬತ್ತಿಗೆ ಪಂಪು ಬೇಡ, ವಯರಿಗೂ ಬೇಡ. ಪ್ಲಾಸ್ಟಿಕ್ ಕವಚದ ಒಳಗೇ ಆಯಿಲ್ ಇಂಚಿಂಚಾಗಿ ತೆವಳಿ, ಕೊನೆಗೆ ಇಂಜಿನ್ನಿನ ಕಂಪ್ಯೂಟರ್ ಪೆಟ್ಟಿಗೆಯನ್ನು ಮುಟ್ಟುತ್ತದೆ. ಎಣ್ಣೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ, ಆದರೆ ಕೊಳೆ ಹೊತ್ತ ಎಣ್ಣೆ ಪಿನ್ನುಗಳ ಮೇಲೆ ಕೂತರೆ ಸೆನ್ಸರುಗಳು ತಪ್ಪು ಸುದ್ದಿ ಹೇಳತೊಡಗುತ್ತವೆ.

ಮೆಕ್ಯಾನಿಕ್ ವಯರನ್ನು ಅಲ್ಲಲ್ಲಿ ಸೀಳಿ ನೋಡುತ್ತಾ ಹೋದ. ಕಂಪ್ಯೂಟರಿಗೆ ಇನ್ನೊಂದು ಗೇಣು ಇದೆ ಎನ್ನುವಲ್ಲಿ ತಾಮ್ರ ಒಣಗಿತ್ತು. ಅಳಿಯ ಆವತ್ತು ಬಿಟ್ಟ ಉಸಿರು ಪಂಪುವೆಲ್ ಸರ್ಕಲ್ ತನಕ ಕೇಳಿರಬೇಕು.

ವಾಲ್ವುಗಳನ್ನು ಇಂಜಿನ್ನಿನ ತಾಳಕ್ಕೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಚೈನಿನದ್ದು ಬೇರೆಯೇ ಕತೆ. 'ಚೈನು ಎಳೆದುಕೊಂಡಿದೆ' ಅನ್ನುತ್ತೇವೆ. ಉಕ್ಕು ಎಳೆದು ಉದ್ದ ಆಗುವುದೇನೂ ಇಲ್ಲ. ಪ್ರತಿ ಕೊಂಡಿಯ ಪಿನ್ನೂ ಕೂದಲೆಳೆಯಷ್ಟು ಸವೆದು, ಎಲ್ಲ ಸೇರಿ ಉದ್ದವಾಗುತ್ತದೆ. ಸೈಕಲ್ ಚೈನಿನಲ್ಲೂ ಇದೇ. ಇದನ್ನು ಕಂಡುಹಿಡಿಯಲು ತಣ್ಣಗಿನ ಇಂಜಿನ್ ಬೇಕು. ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಅನೇಕ ಕಾರುಗಳಲ್ಲಿ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ರಾತ್ರಿ ನಿಂತಾಗ ಆಯಿಲ್ ಕೆಳಗಿಳಿದಿರುತ್ತದೆ, ಬೆಳಗ್ಗೆ ಮೊದಲ ಎರಡು ಮೂರು ಸೆಕೆಂಡು ಸಡಿಲ ಚೈನು ಕಲ್ಲು ತುಂಬಿದ ಡಬ್ಬಿಯಂತೆ ಸದ್ದು ಮಾಡುತ್ತದೆ. ಆದ್ದರಿಂದ ಹಳೆ ಕಾರು ನೋಡಲು ಹೋದಾಗ ಮಾರುವವನ ಜೊತೆ ಮಾತಿಗೆ ಕೂರುವ ಮೊದಲು ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ "ನಾಳೆ ಬರ್ತೇನೆ" ಎನ್ನಿ. ಸ್ಕ್ಯಾನರ್ ಕೂಡ ಅಷ್ಟೇ. ದೋಷ ಒಂದೂ ಇಲ್ಲ ಎಂದು ತೋರಿಸಿದರೆ ಸಾಲದು. ಕಾರಿನ ಸ್ವಯಂ ಪರೀಕ್ಷೆಗಳು ಮುಗಿದಿವೆಯಾ ಅಂತಲೂ ನೋಡಿಸಬೇಕು. ಮುಗಿದಿಲ್ಲ ಎಂದಾದರೆ ನಿನ್ನೆಯೋ ಇವತ್ತು ಬೆಳಗ್ಗೆಯೋ ಯಾರೋ ದೋಷಗಳನ್ನು ಅಳಿಸಿರಬಹುದು.

ಇಂಜಿನ್ನನ್ನು ತಂಪಾಗಿಡುವ ಕೂಲೆಂಟ್ ಸೋರುತ್ತಿದ್ದ ಜಾಗದಲ್ಲಿ ಒಂದು ಬೋಲ್ಟು ಅಲುಗಲೇ ಇಲ್ಲ. ಅಲ್ಯೂಮಿನಿಯಂ ಹೌಸಿಂಗ್, ಅಂದರೆ ಹೊರಕವಚ, ಅದಕ್ಕೆ ಉಕ್ಕಿನ ಬೋಲ್ಟು. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮವರಿಗೆ ಪುಸ್ತಕ ಬೇಡ. ಅಡಿಕೆಗೆ ಕೊಳೆರೋಗದ ಮದ್ದು ತಯಾರಿಸುವಾಗ ಏನು ಮಾಡುತ್ತೇವೆ? ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಲಸಿದ ಮೇಲೆ ಉಜ್ಜಿದ ಕತ್ತಿ ಅದ್ದಿ ನೋಡುತ್ತೇವೆ. ಅಲಗು ಕೆಂಪಾದರೆ ಸುಣ್ಣ ಸಾಲದು. ಆ ಕೆಂಪು ತಾಮ್ರ. ಕತ್ತಿಯ ಕಬ್ಬಿಣ ತಾನು ಕರಗಿ ನೀರಿಗಿಳಿಯುತ್ತದೆ, ನೀರಿನಲ್ಲಿದ್ದ ತಾಮ್ರ ಬಂದು ಕತ್ತಿಯ ಮೇಲೆ ಕೂರುತ್ತದೆ. ಎರಡು ಲೋಹ ಎದುರಾದಾಗ ಒಂದು ಬಿಟ್ಟುಕೊಡಲೇಬೇಕು. ತಾಮ್ರದ ಎದುರು ಕಬ್ಬಿಣ ಬಿಟ್ಟುಕೊಡುತ್ತದೆ, ಉಕ್ಕಿನ ಎದುರು ಅಲ್ಯೂಮಿನಿಯಂ. ನಡುವೆ ಒಂದಿಷ್ಟು ತೇವ, ಒಂದಿಷ್ಟು ಉಪ್ಪು ಸಿಕ್ಕಿದರೆ ಸಾಕು, ಹೌಸಿಂಗ್ ಬೋಲ್ಟಿನ ಸುತ್ತ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಅದು ಹಿಗ್ಗಿ ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ.

ಬಲ ಹಾಕಿದರೆ ಬೋಲ್ಟಿನ ತಲೆ ಮುರಿಯುತ್ತದೆ. ಮೆಕ್ಯಾನಿಕ್ ಬಲ ಹಾಕಲಿಲ್ಲ, ಬಿಸಿ ಹಾಕಿದ. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. ತೂತು ಬೋಲ್ಟಿಗಿಂತ ಜಾಸ್ತಿ ದೊಡ್ಡದಾಗುತ್ತದೆ. ಮೂರನೇ ಸಲ ಬಿಸಿ ಮಾಡಿದಾಗ ಟಕ್ ಎಂದು ಬಿಟ್ಟಿತು.

ಇನ್ನು ಆ ಮಡಚುವ ಛಾವಣಿ. ಗಟ್ಟಿ ಛಾವಣಿಯನ್ನು ಮಡಚಿ ಹಿಂದೆ ಇಡುವ ವ್ಯವಸ್ಥೆಗೆ 1930ರ ದಶಕದ ಆರಂಭದಲ್ಲೇ ಪೇಟೆಂಟ್ ಪಡೆದವನು ಜಾರ್ಜ್ ಪೋಲಾಂ ಎಂಬ ಫ್ರಾನ್ಸಿನ ದಂತವೈದ್ಯ. ಪ್ಯೂಜೋ ಕಂಪನಿ ಅದನ್ನು ತನ್ನ ಕಾರುಗಳಿಗೆ ಹಾಕಿತು. ಎರಡನೇ ಮಹಾಯುದ್ಧದಲ್ಲಿ ಆತ ಜರ್ಮನರ ವಿರುದ್ಧ ಗುಟ್ಟಾಗಿ ಕೆಲಸ ಮಾಡಿ ಸಿಕ್ಕಿಬಿದ್ದ, 1942ರಲ್ಲಿ ಗುಂಡಿಗೆ ಬಲಿಯಾದ. ಅವನ ಉಪಾಯ ಜರ್ಮನ್ ಕಾರಿನ ಮೇಲೆ ಕೂತು ನಮ್ಮ ಅಂಗಳಕ್ಕೆ ಬಂದಿದೆ.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಕಾಸರಗೋಡಿಗೆ ಇದು ತಕ್ಕ ಕಾರೇ? ಅಲ್ಲ ಎಂದು ನನ್ನ ಅಭಿಪ್ರಾಯ. ಅಳಿಯ ಒಪ್ಪುವುದಿಲ್ಲ. ಛಾವಣಿಯ ಸಂದಿನಲ್ಲಿ ಬೀಳುವ ನೀರು ಮೂಲೆಯ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ಹಲಸಿನ ಮರದ ಅಡಿ ನಿಲ್ಲಿಸಿದ್ದ. ಜೂನ್ ಎರಡನೇ ವಾರ ಡಿಕ್ಕಿಯ ಕಾರ್ಪೆಟ್ ಎತ್ತಿದರೆ ನಾಲ್ಕು ಬೆರಳು ನೀರು, ಅದರಲ್ಲೊಂದು ಕಪ್ಪೆಮರಿ. ಛಾವಣಿ ಎತ್ತುವ ಪಂಪು ಇದ್ದದ್ದೂ ಅಲ್ಲೇ ಪಕ್ಕದಲ್ಲಿ. ತೂತಿನಿಂದ ಕೊಳೆತ ಎಲೆ ತೆಗೆಯಲು ತೆಂಗಿನ ಗರಿಯ ಕಡ್ಡಿ ಸಾಕಾಯಿತು. ಇಡೀ ಕಾರಿನಲ್ಲಿ ಖರ್ಚಿಲ್ಲದೆ ಆದ ರಿಪೇರಿ ಅದೊಂದೇ.

ಕರ್ನಾಟಕದ ನಂಬರಿನ ಕಾರು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಉಳಿಯುವುದಾದರೆ ಅಲ್ಲಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತಂದು ಕಾಸರಗೋಡಿನ ಕೆಎಲ್ 14 ನಂಬರು ಮಾಡಿಸಬೇಕು. ಹದಿನೈದು ವರ್ಷ ದಾಟಿದ್ದಕ್ಕೆ ಫಿಟ್‌ನೆಸ್ ಪರೀಕ್ಷೆ ಬೇರೆ. ಆ ಓಡಾಟದ ಕತೆ ವಿಜ್ಞಾನವಲ್ಲ, ಬಿಟ್ಟುಬಿಡುತ್ತೇನೆ.

ಮಳೆಗಾಲದಲ್ಲಿ ಅವನು ಭಾನುವಾರ ಬಂದು ಐದು ನಿಮಿಷ ಇಂಜಿನ್ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಿದ್ದ. ಅದಕ್ಕಿಂತ ಮಾಡದಿರುವುದು ಮೇಲು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಬಿಸಿ ಇಂಜಿನ್ನಿನಿಂದ ಅದು ಆವಿಯಾಗಿ ಹೊರಗೆ ಹೋಗುತ್ತದೆ. ತಣ್ಣಗಿದ್ದರೆ ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿಯುತ್ತದೆ. ಹಾಗಾಗಿ ಈಗ ಅರ್ಧ ಗಂಟೆ ಓಡಿಸುತ್ತಾನೆ, ಕುಂಬಳೆಗೆ ಹೋಗಿ ಬರುತ್ತೇವೆ. ಕೂತರೆ ಮಣೆಯ ಮೇಲೆ ಊಟಕ್ಕೆ ಕೂತ ಹಾಗೆ. ಏಳುವಾಗ ನನಗೆ ಅವನ ಕೈ ಬೇಕು.

ಇನ್ನೂ ಸರಿಯಾಗದ್ದು ಒಂದಿದೆ. ಎಸಿ, ರೇಡಿಯೋ ಗುಂಡಿಗಳ ಮೇಲೆ ಮೆತ್ತಗಿರಲಿ ಎಂದು ಹಚ್ಚಿದ್ದ ಲೇಪ ಕರಗಿ ಹಲಸಿನ ಮೇಣದಂತೆ ಕೈಗೆ ಅಂಟುತ್ತದೆ. ಅದು ಪಾಲಿಯುರೆಥೇನ್, ಗಾಳಿಯ ತೇವವೇ ಅದರ ಎಳೆಗಳನ್ನು ತುಂಡು ಮಾಡುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿ ಪೂರ್ತಿ ತೆಗೆದುಬಿಡಬೇಕು. ನಾನು ಹೇಳುವ ಮೊದಲೇ ನನ್ನ ತಂಗಿ, ಮೇಣಕ್ಕೆ ತೆಂಗಿನೆಣ್ಣೆಯೇ ಮದ್ದು ಎಂದು ಮಗನ ಕೈಗೆ ಬಾಟಲಿ ಕೊಟ್ಟಾಗಿತ್ತು. ಹಲಸಿನ ಮೇಣ ಎಣ್ಣೆಯಲ್ಲಿ ಕರಗುತ್ತದೆ, ಇದು ಕರಗಲಿಲ್ಲ. ಎರಡು ವಾರ ಆಯಿತು, ಎಸಿ ಹಾಕಿದರೆ ಕಾರಿನೊಳಗೆ ಹಪ್ಪಳ ಕರಿದ ಪರಿಮಳ.